ಮೆಂಬರ್ ಆಗಬೇಕೇ, ಬೇಡವೇ?

ಕನ್ನಡ ಸಂಘಕ್ಕೆ ಮೆಂಬರ್ ಆಗುವಾಗ ನಾವ್ಯಾರೂ ಎರಡು ಸಲ ಯೋಚಿಸುವುದಿಲ್ಲ. ಚೆಕ್ ಬರೆದುಕೊಟ್ಟರೆ ಯುಗಾದಿಗೆ ಹೋಳಿಗೆ, ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತು, ನಡುವೆ ಒಂದು ನಾಟಕ. ಆದರೆ ರಾಜಕೀಯದ ವಾಸನೆ ಇರುವ ಸಂಸ್ಥೆಯ ಅರ್ಜಿ ಬಂದರೆ ಮಾತ್ರ "ಊರ ಉಸಾಬರಿ ನಮಗ್ಯಾಕೆ" ಎಂದು ಪಕ್ಕಕ್ಕಿಡುತ್ತೇವೆ. ಕಾಲೇಜಿನಲ್ಲಿರುವ ನನ್ನ ಮಗಳು ಅಂಥದ್ದೊಂದು ಅರ್ಜಿಯನ್ನು ನನಗೆ ತಂದುಕೊಟ್ಟಳು. ಅದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್, ಅಂದರೆ ಎ.ಸಿ.ಎಲ್.ಯು. ಸಂಸ್ಥೆಯದು. 1920ರಲ್ಲಿ ಹುಟ್ಟಿದ, ಸಂವಿಧಾನದ ಹಕ್ಕುಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ಸಂಸ್ಥೆ.

ಅದನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದ್ದಕ್ಕೆ ಕಾರಣ ನಮ್ಮ ಊರು, ಫಾರ್ಮರ್ಸ್ ಬ್ರಾಂಚ್. ಡಲ್ಲಾಸಿಗೆ ಅಂಟಿಕೊಂಡಿರುವ ಪುಟ್ಟ ಊರು. 2006ರ ನವೆಂಬರಿನಲ್ಲಿ ಇಲ್ಲಿನ ಸಿಟಿ ಕೌನ್ಸಿಲ್ ಒಂದು ಕಾನೂನು ಮಾಡಿತು: ಸರಿಯಾದ ಕಾಗದಪತ್ರ ಇಲ್ಲದ ವಲಸಿಗರಿಗೆ ಅಪಾರ್ಟ್‌ಮೆಂಟ್ ಬಾಡಿಗೆಗೆ ಕೊಡಕೂಡದು. ಅದೇ ರಾತ್ರಿ, ಇಂಗ್ಲಿಷೇ ಊರಿನ ಅಧಿಕೃತ ಭಾಷೆ ಎಂಬ ಠರಾವು ಬೇರೆ. (ಗೋಕಾಕ್ ಚಳವಳಿಯ ಕಾಲದಲ್ಲಿ ಶಾಲೆಯಲ್ಲಿದ್ದ ನನಗೆ ಈ ಠರಾವಿನ ಮೇಲೆ ಸಿಟ್ಟು ಮಾಡಿಕೊಳ್ಳಲು ಸ್ವಲ್ಪ ಸಂಕೋಚವೇ ಆಗುತ್ತದೆ!) 2007ರ ಮೇ ತಿಂಗಳಲ್ಲಿ ಬಾಡಿಗೆ ಕಾನೂನನ್ನು ಜನರ ಮತಕ್ಕೆ ಹಾಕಿದಾಗ ನೂರಕ್ಕೆ ಸುಮಾರು 68 ಮಂದಿ ಪರವಾಗಿದ್ದರು.

"ಇದು ಮೆಕ್ಸಿಕೋದವರ ತಾಪತ್ರಯ, ನಮ್ಮದಲ್ಲ" ಎಂಬ ಮಾತು ಆಗ ನಮ್ಮ ಪಾಟ್‌ಲಕ್‌ಗಳಲ್ಲಿ ಕೇಳಿಬರುತ್ತಿತ್ತು. ಆದರೆ 2008ರಲ್ಲಿ ತಿದ್ದಿ ತಂದ ಕಾನೂನನ್ನು ನೋಡಿ. ಬಾಡಿಗೆ ಮನೆಗೆ ಹೋಗುವವರೆಲ್ಲ 5 ಡಾಲರ್ ಕಟ್ಟಿ ಸಿಟಿಯಿಂದ ಲೈಸೆನ್ಸ್ ಪಡೆಯಬೇಕು. ಅಮೆರಿಕದ ಪ್ರಜೆಗಳಲ್ಲದವರ ವಿವರವನ್ನು ಕೇಂದ್ರ ಸರ್ಕಾರದ ದಾಖಲೆಯೊಂದಿಗೆ ತಾಳೆ ನೋಡಬೇಕು. ಎಚ್-1ಬಿ ವೀಸಾದಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿಯುವ ನಮ್ಮ ಹುಡುಗರು ಮೊದಲು ಸೇರುವುದು ಎಲ್ಲಿಗೆ? ಬಾಡಿಗೆ ಅಪಾರ್ಟ್‌ಮೆಂಟಿಗೇ ತಾನೇ!

ಕೋರ್ಟಿಗೆ ಹೋದವರು ಬಾಡಿಗೆದಾರರು ಮತ್ತು ಅಪಾರ್ಟ್‌ಮೆಂಟ್ ಮಾಲೀಕರು. ಬಾಡಿಗೆದಾರರ ಬೆನ್ನಿಗೆ ನಿಂತದ್ದು ಮಾಲ್ಡೆಫ್ ಎಂಬ ಲ್ಯಾಟಿನೋ ಜನರ ಸಂಸ್ಥೆ ಮತ್ತು ಈ ಎ.ಸಿ.ಎಲ್.ಯು. 2010ರಲ್ಲಿ ಡಲ್ಲಾಸಿನ ಫೆಡರಲ್ ನ್ಯಾಯಾಧೀಶೆ ಜೇನ್ ಬಾಯ್ಲ್ ಕಾನೂನನ್ನು ತಳ್ಳಿಹಾಕಿದರು. 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ಜಾರಿಗೇ ಬಾರದ ಕಾನೂನಿಗಾಗಿ ಊರಿನ ಬೊಕ್ಕಸದಿಂದ ಹೋದದ್ದು 60 ಲಕ್ಷ ಡಾಲರಿಗೂ ಹೆಚ್ಚು.

ಹಾಗಾದರೆ ಸಹಿ ಹಾಕುವುದಕ್ಕೇನು ಎಂದು ನೀವು ಕೇಳಬಹುದು. ಅಷ್ಟು ಸುಲಭವಲ್ಲ. 1977ರಲ್ಲಿ ಷಿಕಾಗೋ ಬಳಿಯ ಸ್ಕೋಕಿ ಎಂಬ ಊರಿನಲ್ಲಿ, ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯೆಹೂದಿಗಳು ಬಹಳ ಮಂದಿ ಇದ್ದ ಕಡೆ, ಮೆರವಣಿಗೆ ಹೋಗುತ್ತೇವೆಂದು ನಾಜಿಗಳು ಹಟ ಹಿಡಿದರು. ಮಾತಿನ ಸ್ವಾತಂತ್ರ್ಯ ಎಲ್ಲರದೂ ಎಂದು ಅವರ ಪರ ವಾದಿಸಿದ್ದು ಇದೇ ಸಂಸ್ಥೆ. ಸಾವಿರಾರು ಸದಸ್ಯರು ಬಿಟ್ಟುಹೋದರು. ಇದನ್ನು ಹೇಳಿದಾಗ ನನ್ನ ಹೆಂಡತಿ ಕೇಳಿದಳು: "ನಾಳೆ ನಮ್ಮ ದೇವಸ್ಥಾನದ ಮುಂದೆ ಯಾರೋ ನಿಂತು ಬೈದರೆ, ನೀವು ಕಟ್ಟಿದ ದುಡ್ಡಿನಲ್ಲೇ ಅವರಿಗೆ ವಕೀಲರು ಸಿಗ್ತಾರೆ, ಅಲ್ವೇನ್ರೀ?"

ಸಿಗುತ್ತಾರೆ. ಇದಕ್ಕೆ ನನ್ನಲ್ಲಿ ಜಾಣ ಉತ್ತರವಿಲ್ಲ. ಎಮರ್ಜೆನ್ಸಿಗೆ ಬಂದ ರೋಗಿಯ ನಡತೆ ವಿಚಾರಿಸಿ ನಾವು ಹೊಲಿಗೆ ಹಾಕುವುದಿಲ್ಲವಲ್ಲ ಎಂದೆ, ಅವಳು ಒಪ್ಪಲಿಲ್ಲ. ಆದರೆ ಮಗಳು ಇನ್ನೊಂದು ಮಾತು ಸೇರಿಸಿದಳು. ಟೆಕ್ಸಾಸಿನ ಸರ್ಕಾರಿ ಶಾಲೆಗಳ ಪ್ರತಿ ತರಗತಿಯಲ್ಲೂ ಬೈಬಲಿನ ಹತ್ತು ಕಟ್ಟಳೆಗಳನ್ನು ತೂಗುಹಾಕಬೇಕೆಂಬ ಕಾನೂನು 2025ರಲ್ಲಿ ಬಂದಾಗ ಮೊಕದ್ದಮೆ ಹೂಡಿದವರಲ್ಲಿ ಹಿಂದೂ ಕುಟುಂಬಗಳೂ ಇದ್ದವು. ಅವರ ವಕೀಲರಲ್ಲಿ ಈ ಸಂಸ್ಥೆಯವರೂ ಇದ್ದರು.

ಸೇರಬೇಕೆನ್ನುವವರಿಗೆ ಒಂದೆರಡು ವ್ಯವಹಾರದ ಮಾತು. ಎಚ್-1ಬಿಯಲ್ಲಿರುವವರು ಚುನಾವಣೆಗೆ ನಿಂತವರಿಗೆ ದುಡ್ಡು ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು. ಇಂಥ ಸಂಸ್ಥೆಯ ಸದಸ್ಯತ್ವಕ್ಕೆ ಆ ನಿಷೇಧವಿಲ್ಲ. ಆದರೂ ಅರ್ಜಿ ಬಾಕಿ ಇಟ್ಟುಕೊಂಡು ಆತಂಕದಲ್ಲಿರುವ ಹುಡುಗರನ್ನು ನಾನಂತೂ ಒತ್ತಾಯಿಸುವುದಿಲ್ಲ. ಸದಸ್ಯತ್ವದ ಹಣ ಶಾಸಕರ ಬಳಿ ಲಾಬಿ ಮಾಡುವುದಕ್ಕೂ ಹೋಗುವುದರಿಂದ ತೆರಿಗೆ ವಿನಾಯಿತಿ ಇಲ್ಲ. ಅದರ ಫೌಂಡೇಶನ್ನಿಗೆ ಕೊಟ್ಟರೆ ಇದೆ. ಮತ್ತೆ, ದಯವಿಟ್ಟು ನಮ್ಮ ಸಂಘವನ್ನು ರಾಜಕೀಯಕ್ಕೆ ಎಳೆಯಬೇಡಿ. ತೆರಿಗೆ ವಿನಾಯಿತಿ ಪಡೆದ ಇಂಥ ಸಂಘಗಳು ಅಭ್ಯರ್ಥಿಗಳ ಪರ ಪ್ರಚಾರ ಮಾಡಕೂಡದೆಂಬ ನಿಯಮವನ್ನು 1954ರಲ್ಲಿ ತಂದವರು ನಮ್ಮ ಟೆಕ್ಸಾಸಿನವರೇ ಆದ ಲಿಂಡನ್ ಜಾನ್ಸನ್.

ನಾನು ನನ್ನೊಬ್ಬನ ಹೆಸರಿನಲ್ಲಿ ಒಂದು ವರ್ಷಕ್ಕೆ ಸೇರಿದ್ದೇನೆ. ಹೆಂಡತಿ ಸೇರಿಲ್ಲ, ಸೇರುವ ಲಕ್ಷಣವೂ ಇಲ್ಲ. ವರ್ಷ ಮುಗಿದಾಗ, ಅಷ್ಟರೊಳಗೆ ಅವರು ಹಿಡಿದ ಕೇಸುಗಳ ಪಟ್ಟಿ ತಂದಿಟ್ಟುಕೊಂಡು ಮೂವರೂ ಊಟದ ಮೇಜಿನಲ್ಲಿ ಕೂರುವುದೆಂದು ಒಪ್ಪಂದವಾಗಿದೆ.