ಮಾತಿಗೆ ಮಿತಿ, ಮಿತಿಗೂ ಮಿತಿ: 19ನೇ ವಿಧಿಯನ್ನು ನಾಲ್ಕು ಪ್ರಶ್ನೆಗಳಲ್ಲಿ ಕಲಿಸುವುದು

ಮೂಲಭೂತ ಹಕ್ಕುಗಳ ಪಾಠ ಮಾಡುವಾಗ ನಮ್ಮಲ್ಲಿ ಬಹಳಷ್ಟು ಪ್ರಶಿಕ್ಷಣಾರ್ಥಿಗಳು ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆಯುತ್ತೇವೆ: 'ಸ್ವಾತಂತ್ರ್ಯವಿದೆ, ಆದರೆ ಅದು ಸ್ವೇಚ್ಛೆಯಲ್ಲ.' ವಾಕ್ಯವೇನೋ ಸರಿ. ಆದರೆ ಸ್ವಾತಂತ್ರ್ಯ ಎಲ್ಲಿ ಮುಗಿಯುತ್ತದೆ, ಅದನ್ನು ತೀರ್ಮಾನಿಸುವವರು ಯಾರು, ಅವರು ಯಾವ ಕಾರಣ ಕೊಡಬೇಕು ಎಂಬುದು ಅದರಲ್ಲಿಲ್ಲ. ಹೀಗಾಗಿ 'ದೊಡ್ಡವರಿಗೆ ಹಿಡಿಸದ ಮಾತು ಆಡಬಾರದು' ಎಂದಷ್ಟೇ ತಿಳಿದುಕೊಂಡು ಮಕ್ಕಳು ಮನೆಗೆ ಹೋಗುತ್ತಾರೆ.

ನಾನು ಬಿಎಸ್ಸಿ ಓದಿ ಬಿಇಡಿಗೆ ಬಂದವನು. ನನ್ನ ಬೋಧನಾ ವಿಷಯ ವಿಜ್ಞಾನ ಮತ್ತು ಗಣಿತ. ಅಥಣಿ ರಸ್ತೆಯ ಪ್ರೌಢಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಸಂವಿಧಾನ ದಿನದ ವಿಶೇಷ ಪಾಠ ನನ್ನ ಪಾಲಿಗೆ ಬಂತು. ಟಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳೂ ಇದ್ದ ತರಗತಿ ಅದು. ವಾಕ್ ಸ್ವಾತಂತ್ರ್ಯ ಎಂದು ಹಲಗೆಯ ಮೇಲೆ ಬರೆಯುತ್ತಿದ್ದಂತೆ ಒಬ್ಬ ಹುಡುಗ ಎದ್ದು ಕೇಳಿದ: "ಹಂಗಂದ್ರ ಯಾರು ಏನ್ ಅಂದ್ರೂ ನಡಿತೈತೇನ್ರಿ ಸರ್?" ಆ ಪ್ರಶ್ನೆಗೆ ಕಾನೂನಿನಲ್ಲಿ ಇರುವ ಉತ್ತರವನ್ನೂ, ಅದನ್ನು ತರಗತಿಗೆ ತರುವ ಒಂದು ಕ್ರಮವನ್ನೂ ಇಲ್ಲಿ ವಿವರಿಸುತ್ತೇನೆ.

ವಿಧಿ ಏನು ಹೇಳುತ್ತದೆ?

19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. 19(2) ವಿಧಿಯ ಪ್ರಕಾರ ಎಂಟು ಕಾರಣಗಳಿಗಾಗಿ ಸರ್ಕಾರವು ಕಾನೂನಿನ ಮೂಲಕ 'ಸಮಂಜಸ ನಿರ್ಬಂಧ' ಹಾಕಬಹುದು: ಭಾರತದ ಸಾರ್ವಭೌಮತ್ವ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ.

ಈ ಪಟ್ಟಿ ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. 1950ರಲ್ಲಿ ಮದ್ರಾಸ್ ಸರ್ಕಾರ 'ಕ್ರಾಸ್ ರೋಡ್ಸ್' ಪತ್ರಿಕೆ ತನ್ನ ಪ್ರಾಂತಕ್ಕೆ ಬರದಂತೆ ತಡೆಯಿತು. ರೊಮೇಶ್ ಥಾಪರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ರದ್ದು ಮಾಡಿತು. ಸಾರ್ವಜನಿಕ ಸುವ್ಯವಸ್ಥೆ ಎಂಬ ಕಾರಣ ಆಗ ಪಟ್ಟಿಯಲ್ಲಿ ಇರಲಿಲ್ಲ. 1951ರ ಮೊದಲನೇ ತಿದ್ದುಪಡಿ ಅದನ್ನು ಸೇರಿಸಿತು. 'ಸಮಂಜಸ' ಎಂಬ ಪದವೂ ಈ ಉಪವಿಧಿಗೆ ಅದೇ ತಿದ್ದುಪಡಿಯಲ್ಲಿ ಬಂತು. ಸಾರ್ವಭೌಮತ್ವ ಮತ್ತು ಅಖಂಡತೆ ಸೇರಿದ್ದು 1963ರಲ್ಲಿ. ಅಂದರೆ ಕಾರಣಗಳ ಪಟ್ಟಿ ಬೆಳೆದಿದೆ, ಜೊತೆಗೆ ನಿರ್ಬಂಧ ಸಮಂಜಸವೇ ಎಂದು ಪರಿಶೀಲಿಸುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿದೆ.

ನಾಲ್ಕು ಪ್ರಶ್ನೆಗಳು

ಬಿಎಸ್ಸಿ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡುವಾಗ ಪರೀಕ್ಷೆಗಳನ್ನು ಕ್ರಮ ತಪ್ಪಿಸದೆ ಮಾಡುತ್ತೇವೆ. ನಿರ್ಬಂಧವೊಂದು ಸರಿಯೇ ಎಂದು ನೋಡುವುದಕ್ಕೂ ಅಂಥ ಒಂದು ಕ್ರಮ ಮಾಡಿಕೊಂಡೆ.

1. ಮಾತನ್ನು ತಡೆಯುತ್ತಿರುವುದು ಸರ್ಕಾರವೇ? ಅದರ ಹಿಂದೆ ಕಾನೂನು ಇದೆಯೇ?
2. ಕೊಟ್ಟ ಕಾರಣ ಆ ಎಂಟರಲ್ಲಿ ಒಂದೇ?
3. ಆಡಿದ ಮಾತಿಗೂ ಹೇಳುತ್ತಿರುವ ಅಪಾಯಕ್ಕೂ ನೇರ ಸಂಬಂಧ ಇದೆಯೇ?
4. ನಿರ್ಬಂಧ ಅಗತ್ಯ ಇರುವಷ್ಟೇ ಇದೆಯೇ? ಅದನ್ನು ಪ್ರಶ್ನಿಸಲು ದಾರಿ ಇದೆಯೇ?

ಒಂದಕ್ಕೆ 'ಇಲ್ಲ' ಎಂದು ಬಂದರೂ ನಿರ್ಬಂಧ ನಿಲ್ಲುವುದಿಲ್ಲ. ನಾಲ್ಕಕ್ಕೂ ಉತ್ತರ ಕೊಡಬೇಕಾದವರು ತಡೆಯುವವರೇ ಹೊರತು ಮಾತಾಡಿದವರಲ್ಲ.

ಮೊದಲನೇ ಪ್ರಶ್ನೆಗೆ ಕೇರಳದ ಒಂದು ಶಾಲೆಯ ಪ್ರಕರಣ ಸ್ಪಷ್ಟ ಉದಾಹರಣೆ. 1985ರಲ್ಲಿ ಅಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಂತರು, ಆದರೆ ತಮ್ಮ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. ಹಾಡಲೇಬೇಕು ಎಂಬ ಕಾನೂನು ಇರಲಿಲ್ಲ, ಇದ್ದದ್ದು ಇಲಾಖೆಯ ಸುತ್ತೋಲೆ ಮಾತ್ರ. ಸುತ್ತೋಲೆ 19(2)ರ ಅರ್ಥದಲ್ಲಿ ಕಾನೂನಲ್ಲ. ಸುಮ್ಮನಿರುವುದೂ ಅಭಿವ್ಯಕ್ತಿ ಸ್ವಾತಂತ್ರ್ಯದಲ್ಲಿ ಸೇರುತ್ತದೆ ಎಂಬುದನ್ನು ಈ ತೀರ್ಪಿನಿಂದ ಕಲಿಸಬಹುದು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಅವರೇ.

ಎರಡನೇ ಪ್ರಶ್ನೆಗೆ ನಮ್ಮ ರಾಜ್ಯದ್ದೇ ಪ್ರಕರಣವಿದೆ. 1994ರ ಏಪ್ರಿಲ್ 29ರ ಸರ್ಕಾರಿ ಆದೇಶ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಗು ಯಾವ ಭಾಷೆಯಲ್ಲಿ ಕಲಿಯಬೇಕು ಎಂಬ ಆಯ್ಕೆಯೂ 19(1)(ಎ)ಯಲ್ಲಿ ಸೇರುತ್ತದೆ ಎಂದಿತು. ಮಾತೃಭಾಷೆಯಲ್ಲಿ ಕಲಿತರೆ ಮಗುವಿಗೆ ಒಳ್ಳೆಯದು ಎಂದು ನಾವು ಬಿಇಡಿಯಲ್ಲಿ ಓದುತ್ತೇವೆ, ನಾನೂ ಅದನ್ನು ಒಪ್ಪುತ್ತೇನೆ. ಆದರೆ 'ಮಗುವಿಗೆ ಒಳ್ಳೆಯದು' ಎಂಬುದು ಆ ಎಂಟು ಕಾರಣಗಳಲ್ಲಿ ಇಲ್ಲ. ಸದುದ್ದೇಶ ಒಂದೇ ಇದ್ದರೆ ಸಾಲದು ಎಂಬುದಕ್ಕೆ ಕನ್ನಡ ಶಿಕ್ಷಕರಿಗೆ ಇದಕ್ಕಿಂತ ಕಷ್ಟದ ಉದಾಹರಣೆ ಸಿಗಲಿಕ್ಕಿಲ್ಲ.

ಮೂರನೇ ಪ್ರಶ್ನೆ ಬೀದರ್ ಶಾಲಾ ನಾಟಕದ ಪ್ರಕರಣದಲ್ಲಿ ಎದ್ದಿತು. 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ದೂರು ದಾಖಲಾಗಿ, ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿಯ ಬಂಧನವಾಯಿತು. ಪೊಲೀಸರು ಮಕ್ಕಳನ್ನೂ ವಿಚಾರಣೆ ಮಾಡಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನು ರದ್ದುಗೊಳಿಸಿತು. ನಮ್ಮ ವಿಜಯಪುರ ಜಿಲ್ಲೆಯೂ ಇದೇ ಪೀಠದ ವ್ಯಾಪ್ತಿಗೆ ಬರುತ್ತದೆ. ಪ್ರಧಾನಿಯ ಬಗ್ಗೆ ಬಳಸಿದ ಮಾತು ಅವಹೇಳನಕಾರಿ, ಬೇಜವಾಬ್ದಾರಿಯದು ಎಂದು ಪೀಠ ಹೇಳಿತು. ಆದರೆ ಹಿಂಸೆಗೆ ಪ್ರಚೋದನೆ ಇಲ್ಲದ ಕಾರಣ ಅದು ರಾಜದ್ರೋಹವಲ್ಲ ಎಂದಿತು. ಇದಕ್ಕೆ ಆಧಾರ 1962ರ ಕೇದಾರನಾಥ ಸಿಂಗ್ ತೀರ್ಪು: ಹಿಂಸೆಗೆ ಅಥವಾ ಅಶಾಂತಿಗೆ ಪ್ರಚೋದಿಸಿದರೆ ಮಾತ್ರ ರಾಜದ್ರೋಹ. ಅದೇ ವೇಳೆ, ಎಳೆಯ ಮಕ್ಕಳಿಂದ ಪ್ರಚಲಿತ ರಾಜಕೀಯದ ನಾಟಕ ಆಡಿಸುವುದಕ್ಕಿಂತ ಕಲಿಕೆಯಲ್ಲಿ ಆಸಕ್ತಿ ಬೆಳೆಸುವ ವಿಷಯ ಆರಿಸುವುದು ಮೇಲು ಎಂದು ಪೀಠ ಶಾಲೆಗಳಿಗೆ ಸಲಹೆಯನ್ನೂ ಕೊಟ್ಟಿತು. ಇದನ್ನು ಕಲಿಸುವಾಗ ಎರಡೂ ಭಾಗವನ್ನು ಹೇಳಬೇಕು. ಅನುಚಿತ ಎನ್ನುವುದು ಬೇರೆ, ಅಪರಾಧ ಎನ್ನುವುದು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ರಾಜದ್ರೋಹ ಎಂಬ ಹೆಸರಿಲ್ಲ. ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗೆ ಅಪಾಯ ತರುವ ಕೃತ್ಯಗಳಿಗೆ 152ನೇ ಕಲಂ ಇದೆ. ಹಳೆಯ 124ಎ ಕಲಮನ್ನೇ ಪಾಠಯೋಜನೆಯಲ್ಲಿ ಬರೆಯುವ ಗೆಳೆಯರು ಇದನ್ನು ಗಮನಿಸಬೇಕು.

ನಾಲ್ಕನೇ ಪ್ರಶ್ನೆಗೆ ಮೊಬೈಲ್ ಹಿಡಿದ ಮಕ್ಕಳಿಗೆ ಹತ್ತಿರದ ಉದಾಹರಣೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ಕಿರಿಕಿರಿ ಆಗುವಂಥ ಸಂದೇಶ ಕಳಿಸಿದರೂ ಅದರ ಪ್ರಕಾರ ಶಿಕ್ಷೆಯಾಗಬಹುದಿತ್ತು. ಯಾರಿಗೆ ಯಾವುದರಿಂದ ಕಿರಿಕಿರಿ ಎಂಬುದಕ್ಕೆ ಅಳತೆಯೇ ಇಲ್ಲದ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು.

ನಿರ್ಬಂಧ ಉಳಿದ ಪ್ರಕರಣ

ಮಾತಿನ ಪರವಾಗಿ ಬಂದ ತೀರ್ಪುಗಳನ್ನಷ್ಟೇ ಹೇಳಿದರೆ ಪಾಠ ಅರ್ಧವಾಗುತ್ತದೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಗೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತ್ತು. ನಮ್ಮ ಬಾಗೇವಾಡಿಯ ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಬಗ್ಗೆ ಅದರಲ್ಲಿದ್ದ ಭಾಗ ಭಕ್ತರ ಮನಸ್ಸು ನೋಯಿಸಿತು ಎಂದು ವಿರೋಧ ಎದ್ದು, ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಮಿನಡಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು.

ಈ ತೀರ್ಪನ್ನು ಒಪ್ಪದವರು ಸಾಹಿತ್ಯ ಲೋಕದಲ್ಲಿದ್ದಾರೆ. ಆದರೂ ನಾಲ್ಕು ಪ್ರಶ್ನೆಗಳ ಕ್ರಮ ಇಲ್ಲಿಯೂ ಕಾಣುತ್ತದೆ. ಕಾನೂನು ಇತ್ತು. ಸಾರ್ವಜನಿಕ ಸುವ್ಯವಸ್ಥೆಯ ಕಾರಣ ಇತ್ತು. ಸರ್ಕಾರ ತನ್ನ ಕಾರಣಗಳನ್ನು ಬರೆದು ಪ್ರಕಟಿಸಬೇಕು ಎಂದು ಆ ಕಲಂ ಹೇಳುತ್ತಿತ್ತು. ಹೈಕೋರ್ಟಿಗೆ ಹೋಗುವ ದಾರಿಯನ್ನು 96ನೇ ಕಲಂ ಕೊಡುತ್ತಿತ್ತು. ಮೂರನೇ ಪ್ರಶ್ನೆಗೆ ನ್ಯಾಯಾಲಯ ಕೊಟ್ಟ ಉತ್ತರ ಸರಿಯೇ ಎಂಬುದನ್ನು ತರಗತಿಯ ಚರ್ಚೆಗೆ ಬಿಡಬಹುದು.

ತರಗತಿಯಲ್ಲಿ ಮಾಡಿದ್ದು

ಹಲಗೆಯನ್ನು ನಾಲ್ಕು ಕಾಲಂ ಮಾಡಿ, ಐದೈದು ಮಕ್ಕಳ ಗುಂಪಿಗೆ ಒಂದೊಂದು ಚೀಟಿ ಕೊಟ್ಟೆ. ಟಿಕೋಟಾದ ದ್ರಾಕ್ಷಿ ಬೆಳೆಗಾರರು ಪರಿಹಾರ ಕೇಳಿ ತಹಶೀಲ್ದಾರ್ ಕಚೇರಿಯ ಮುಂದೆ ಘೋಷಣೆ ಕೂಗುವುದು. ಕಿರಾಣಿ ಅಂಗಡಿಯವರೊಬ್ಬರು ಕಲಬೆರಕೆ ಮಾಡುತ್ತಾರೆಂದು ಗೊತ್ತಿದ್ದೂ ಸುಳ್ಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕುವುದು. ಪಕ್ಕದ ಓಣಿಯವರನ್ನು ಹೊಡೆಯಿರಿ ಎಂದು ಜನ ಸೇರಿಸಿ ಹೇಳುವುದು. ಮನೆಯಲ್ಲಿ ಅಪ್ಪ 'ಎದುರು ಮಾತಾಡಬ್ಯಾಡ' ಎನ್ನುವುದು. ಎರಡನೆಯದು ಮಾನನಷ್ಟ, ಮೂರನೆಯದು ಅಪರಾಧಕ್ಕೆ ಪ್ರಚೋದನೆ ಎಂದು ಮಕ್ಕಳು ತಾವೇ ಗುರುತಿಸಿದರು. ಹೆಚ್ಚು ಚರ್ಚೆಯಾದದ್ದು ಕೊನೆಯ ಚೀಟಿ. ಅಪ್ಪ ಸರ್ಕಾರವಲ್ಲ, ಆದ್ದರಿಂದ 19ನೇ ವಿಧಿ ಅಲ್ಲಿ ಕೆಲಸ ಮಾಡುವುದಿಲ್ಲ ಎಂಬಲ್ಲಿಗೆ ಮೊದಲನೇ ಪ್ರಶ್ನೆ ಅವರನ್ನು ತಂದು ನಿಲ್ಲಿಸಿತು.

ಈ ಪಾಠಕ್ಕೆ ಒಂದು ಅವಧಿ ಸಾಲದು, ಎರಡು ಇಟ್ಟುಕೊಳ್ಳುವುದು ಒಳ್ಳೆಯದು. ಮೌಲ್ಯಮಾಪನದಲ್ಲಿ 'ಎಂಟು ಕಾರಣಗಳನ್ನು ಪಟ್ಟಿ ಮಾಡಿ' ಎನ್ನುವ ಬದಲು ಹೊಸದೊಂದು ಸನ್ನಿವೇಶ ಕೊಟ್ಟು ನಾಲ್ಕು ಪ್ರಶ್ನೆಗಳನ್ನು ಅನ್ವಯಿಸಲು ಹೇಳಬೇಕು. ಚೀಟಿಯಲ್ಲಿ ಊರಿನ ನಿಜವಾದ ಜಗಳ, ನಿಜವಾದ ಹೆಸರು ಬರಬಾರದು.

ವರ್ಷ ಎರಡು ವರ್ಷದಲ್ಲಿ ನಮ್ಮಲ್ಲಿ ಅನೇಕರು ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸುವ, ಭಿತ್ತಿಪತ್ರಿಕೆ ಮಾಡಿಸುವ, ಚರ್ಚಾಸ್ಪರ್ಧೆಯ ವಿಷಯ ಆರಿಸುವ ಶಿಕ್ಷಕರಾಗುತ್ತೇವೆ. ಬೀದರ್ ಸುದ್ದಿಯನ್ನು ಅರ್ಧ ಓದಿದವರು ಮಕ್ಕಳಿಂದ ಏನನ್ನೂ ಮಾತಾಡಿಸದಿರುವುದೇ ಕ್ಷೇಮ ಎಂದುಕೊಳ್ಳುತ್ತಾರೆ. ತೀರ್ಪನ್ನು ಪೂರ್ತಿ ತಿಳಿದವರು ಮಕ್ಕಳ ವಯಸ್ಸಿಗೆ ಒಪ್ಪುವ ವಿಷಯ ಆರಿಸಿ, ಭಾಷೆಯನ್ನು ತಿದ್ದಿ, ಪ್ರಶ್ನೆಯನ್ನು ಮಾತ್ರ ಉಳಿಸಿಕೊಳ್ಳಬಹುದು. ಮುಂದಿನ ನವೆಂಬರ್ 26ಕ್ಕೆ ಈ ಪಾಠ ಮಾಡುವ ಗೆಳೆಯರು ಚೀಟಿಗಳನ್ನು ತಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಲಿ. ನಾಲ್ಕು ಪ್ರಶ್ನೆಗಳ ಕ್ರಮವನ್ನು ಮಾತ್ರ ಹಾಗೆಯೇ ಇಟ್ಟುಕೊಳ್ಳಲಿ.