ಹಳೆಯ ವಾಲ್ವ್ ಆಂಪ್ಲಿಫೈಯರ್: ಕೈ ಹಾಕುವ ಮುನ್ನ

ವಾಲ್ವ್ ಆಂಪ್ಲಿಫೈಯರ್ ಕೆಟ್ಟಿತೆಂದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ವಾಲ್ವಿನ ಮೇಲೆ. ಹೊಳೆಯುವುದು ಅದು, ಬಿಸಿಯಾಗುವುದು ಅದು, ಗಾಜಿನದ್ದು ಬೇರೆ. ಆದರೆ ದಶಕಗಟ್ಟಲೆ ಅಟ್ಟದ ಮೇಲಿದ್ದ ಯಂತ್ರದಲ್ಲಿ ಬಹಳ ಸಲ ವಾಲ್ವು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಚಾಸಿಯ ಅಡಿಯಲ್ಲಿ ಅಡಗಿ ಕುಳಿತ ಕೆಪಾಸಿಟರ್. ರಿಪೇರಿಗೆ ಕೂತವರ ಜೀವಕ್ಕೆ ಅಪಾಯ ತರುವುದೂ ಕೆಪಾಸಿಟರೇ. ಹಾಗಾಗಿ ಈ ಬಿಡಿಭಾಗವನ್ನು ಅರ್ಥ ಮಾಡಿಕೊಂಡೇ ಸ್ಕ್ರೂ ಬಿಚ್ಚಬೇಕು.

ಮೊದಲು ವಾಲ್ವಿನ ಕೆಲಸ ನೋಡೋಣ. 1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡುಗಳ ವಾಲ್ವ್ ರೂಪಿಸಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಅವುಗಳ ನಡುವೆ ಗ್ರಿಡ್ ಇಟ್ಟರು. ಸಣ್ಣ ಸಂಕೇತವನ್ನು ದೊಡ್ಡದು ಮಾಡುವ ಶಕ್ತಿ ಬಂದದ್ದು ಆ ಗ್ರಿಡ್ಡಿನಿಂದ. ನಮ್ಮ ಬೆಂಗಳೂರಿನ ಬಿಇಎಲ್ ಕೂಡ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಹಲವು ಆಂಪ್ಲಿಫೈಯರುಗಳಲ್ಲಿ ಕಾಣುವ ಇಎಲ್ 84 ವಾಲ್ವನ್ನೇ ತೆಗೆದುಕೊಳ್ಳಿ. 6.3 ವೋಲ್ಟಿನ ಹೀಟರ್ ಕ್ಯಾಥೋಡನ್ನು ಕಾಯಿಸುತ್ತದೆ, ಅದರಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ, 250 ವೋಲ್ಟಿನ ಆನೋಡ್ ಅವನ್ನು ಎಳೆದುಕೊಳ್ಳುತ್ತದೆ. ಗ್ರಿಡ್ಡಿನ ವೋಲ್ಟೇಜು ಕ್ಯಾಥೋಡಿಗಿಂತ ಸುಮಾರು 7.3 ವೋಲ್ಟ್ ಕೆಳಗಿದ್ದರೆ ಆನೋಡಿಗೆ 48 ಮಿಲಿ ಆಂಪಿಯರ್ ಹರಿಯುತ್ತದೆ. 250 ವೋಲ್ಟಿಗೆ ಇದನ್ನು ಗುಣಿಸಿದರೆ 12 ವ್ಯಾಟ್. ಆ ಆನೋಡ್ ತಾಳಿಕೊಳ್ಳುವ ಮಿತಿಯೂ 12 ವ್ಯಾಟೇ.

ಈ 250 ವೋಲ್ಟಿನ ಏಕಮುಖ ವಿದ್ಯುತ್ತನ್ನು ಏರಿಳಿತವಿಲ್ಲದೆ ಒದಗಿಸುವುದು ದೊಡ್ಡ ಫಿಲ್ಟರ್ ಕೆಪಾಸಿಟರ್. ಕರೆಂಟು ಹೋಗಿ ಮೋಟಾರು ನಿಂತರೂ ತಾರಸಿಯ ಟ್ಯಾಂಕಿನ ನೀರು ನಲ್ಲಿಯಲ್ಲಿ ಬರುತ್ತದಲ್ಲ, ಹಾಗೆ ಪ್ಲಗ್ ಕಿತ್ತ ಮೇಲೂ ಇದರಲ್ಲಿ ವಿದ್ಯುತ್ತು ಉಳಿದಿರುತ್ತದೆ. 50 ಮೈಕ್ರೋಫ್ಯಾರಡ್ ಕೆಪಾಸಿಟರ್ 300 ವೋಲ್ಟಿನಲ್ಲಿದ್ದರೆ ಅದರೊಳಗೆ 2.25 ಜೂಲ್ ಶಕ್ತಿ ಇರುತ್ತದೆ. ವಾಲ್ವ್ ಸುಟ್ಟಿದ್ದರೆ ಅಥವಾ ಕಿತ್ತಿಟ್ಟಿದ್ದರೆ ಅದು ಹರಿದುಹೋಗಲು ದಾರಿಯೇ ಇಲ್ಲದೆ ಗಂಟೆಗಟ್ಟಲೆ ನಿಲ್ಲಬಹುದು.

ಅದನ್ನು ಖಾಲಿ ಮಾಡುವುದಕ್ಕೆ ಕ್ರಮವಿದೆ. ಪ್ಲಗ್ ಕಿತ್ತು ಕಣ್ಣೆದುರೇ ಇಟ್ಟುಕೊಳ್ಳಿ. 10 ಕಿಲೋಓಮಿನ, 5 ವ್ಯಾಟಿಗೆ ಕಡಿಮೆಯಿಲ್ಲದ ರೆಸಿಸ್ಟರಿನ ಎರಡೂ ತುದಿಗೆ ಒಳ್ಳೆಯ ಇನ್ಸುಲೇಷನ್ ಇರುವ ಕ್ಲಿಪ್ ವೈರ್ ಬೆಸೆದಿರಬೇಕು. ಒಂದು ಕ್ಲಿಪ್ಪನ್ನು ಕೆಪಾಸಿಟರಿನ ನೆಗೆಟಿವ್‌ಗೆ ಮೊದಲು ಸಿಕ್ಕಿಸಿ, ಆಮೇಲೆ ಇನ್ನೊಂದನ್ನು ಪಾಸಿಟಿವ್‌ಗೆ. ಮೂರು ಸೆಕೆಂಡಿಗೆ ಬಹುತೇಕ ಖಾಲಿಯಾಗುತ್ತದೆ, ಆದರೂ ಅರ್ಧ ನಿಮಿಷ ಬಿಡಿ. ಪ್ರತಿ ಫಿಲ್ಟರ್ ಕೆಪಾಸಿಟರಿಗೂ ಹೀಗೇ ಮಾಡಿ. ಕೊನೆಗೆ ಮೀಟರಿನಲ್ಲಿ ಅಳೆದು, ಸೊನ್ನೆಯ ಹತ್ತಿರ ಬಂದಿದೆಯೆಂದು ಕಣ್ಣಾರೆ ಕಂಡ ಮೇಲಷ್ಟೇ ಮುಟ್ಟಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಕೆಟ್ಟದ್ದು. ಕಿಡಿ ಹಾರಿ ಲೋಹ ಸಿಡಿಯುತ್ತದೆ, ಕೆಪಾಸಿಟರೂ ಹಾಳಾಗಬಹುದು.

ಮನೆಯಲ್ಲಿ ಆರ್‌ಸಿಸಿಬಿ ಇದೆ, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ ಎಂಬ ಧೈರ್ಯ ಇಲ್ಲಿ ನಡೆಯದು. ಫೇಸ್ ಮತ್ತು ನ್ಯೂಟ್ರಲ್‌ಗಳಲ್ಲಿ ಹರಿಯುವ ಕರೆಂಟಿನಲ್ಲಿ ವ್ಯತ್ಯಾಸ ಕಂಡರಷ್ಟೇ ಅದು ಕೆಲಸ ಮಾಡುವುದು. ಟ್ರಾನ್ಸ್‌ಫಾರ್ಮರಿನ ಆಚೆಗಿನ 300 ವೋಲ್ಟ್ ನಿಮ್ಮ ಎದೆಯ ಮೂಲಕ ಹರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೇ ಚಾಲೂ ಇರುವ ಯಂತ್ರದಲ್ಲಿ ಅಳೆಯುವಾಗ ಕಪ್ಪು ಪ್ರೋಬನ್ನು ಮೊದಲೇ ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ಪ್ರೋಬ್ ಹಿಡಿಯಬೇಕು, ಇನ್ನೊಂದು ಕೈ ಬೆನ್ನ ಹಿಂದಿರಬೇಕು. ಉಂಗುರ, ಗಡಿಯಾರ ಬೇಡ. ಮೇನ್ ಆಫ್ ಮಾಡಲು ಗೊತ್ತಿರುವ ಒಬ್ಬರು ಹತ್ತಿರವಿರಲಿ.

ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲದ ಎಸಿ-ಡಿಸಿ ಸೆಟ್ಟುಗಳೂ ಇವೆ. ಯುಎಲ್ 84, ಯುವೈ 85ರಂತೆ ‘ಯು’ ಇಂದ ಶುರುವಾಗುವ ವಾಲ್ವುಗಳು ಅದರ ಗುರುತು. ಪ್ಲಗ್ ತಿರುಗಿಸಿ ಹಾಕಿದರೆ ಸಾಕು, ಚಾಸಿಗೇ ಫೇಸ್ ಬಂದಿರುತ್ತದೆ. ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥದ್ದನ್ನು ತೆರೆಯಲೇಬೇಡಿ.

ಬಹಳ ದಿನದ ಮೇಲೆ ಮೊದಲ ಸಲ ಕರೆಂಟ್ ಕೊಡುವಾಗ 60 ಅಥವಾ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿ ಹಾಕಬೇಕು. ಎಲ್‌ಇಡಿ ನಡೆಯುವುದಿಲ್ಲ. ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ಕಡಿಮೆ, ಕಾದಾಗ ಹತ್ತು ಪಟ್ಟಿಗೂ ಹೆಚ್ಚು. ಒಳಗೆ ಶಾರ್ಟ್ ಇದ್ದರೆ ಬಲ್ಬು ಝಗ್ಗನೆ ಉರಿದು, ಕರೆಂಟನ್ನು ತಾನೇ ತಡೆಯುತ್ತದೆ. ಸ್ಪೀಕರನ್ನೂ ಮರೆಯದೆ ಜೋಡಿಸಿ. ಅದಿಲ್ಲದೆ ಸಂಕೇತ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ಅದರ ಸುತ್ತುಗಳು ಸುಡಬಹುದು.

ಇನ್ನು ದೋಷದ ಪತ್ತೆ. ಗುಂಯ್ ಎಂಬ 100 ಹರ್ಟ್ಸ್ ಹಮ್ ಜೋರಾಗಿದ್ದರೆ ಸಾಮಾನ್ಯವಾಗಿ ಫಿಲ್ಟರ್ ಕೆಪಾಸಿಟರ್ ಒಣಗಿದೆ. ದನಿ ಒಡೆದು, ಇಎಲ್ 84ರ ಆನೋಡ್ ಕೆಂಪಗಾದರೆ ತಕ್ಷಣ ಆಫ್ ಮಾಡಿ. ಮೊದಲು ನೋಡಬೇಕಾದ್ದು ಕಪ್ಲಿಂಗ್ ಕೆಪಾಸಿಟರ್. ಹಿಂದಿನ ವಾಲ್ವಿನ ಆನೋಡಿನಿಂದ ಸಂಕೇತವನ್ನು ಮಾತ್ರ ಗ್ರಿಡ್ಡಿಗೆ ಬಿಟ್ಟು, ಡಿಸಿಯನ್ನು ತಡೆಯುವುದು ಅದರ ಕೆಲಸ. ಹಳೆಯ ಮೇಣದ ಕಾಗದದ ಕೆಪಾಸಿಟರ್ ತೇವ ಎಳೆದುಕೊಂಡು ಸೋರುತ್ತದೆ. ಅದರ ತಡೆ 10 ಮೆಗಾಓಮಿಗೆ ಇಳಿಯಿತೆನ್ನಿ. ಆ ಕಡೆ 150 ವೋಲ್ಟ್, ಈ ಕಡೆ 470 ಕಿಲೋಓಮಿನ ಗ್ರಿಡ್ ರೆಸಿಸ್ಟರ್ ಇದ್ದರೆ ಗ್ರಿಡ್ಡಿನ ಮೇಲೆ 6.7 ವೋಲ್ಟ್ ಬಂದು ಕೂರುತ್ತದೆ. ವಾಲ್ವನ್ನು ಹಿಡಿತದಲ್ಲಿಟ್ಟಿದ್ದು ಬರೀ 7.3 ವೋಲ್ಟ್. ಕ್ಯಾಥೋಡಿಗೂ ಚಾಸಿಗೂ ನಡುವಿರುವ ಕ್ಯಾಥೋಡ್ ರೆಸಿಸ್ಟರ್ ಅಷ್ಟಿಷ್ಟು ಸರಿದೂಗಿಸಲು ನೋಡಿದರೂ ಸಾಲದು. ಆಗಲೇ ಮಿತಿಯಲ್ಲಿದ್ದ ವಾಲ್ವು ಮಿತಿ ಮೀರುತ್ತದೆ. ಇದನ್ನು ತಿಳಿಯದೆ ಹೊಸ ವಾಲ್ವ್ ಹಾಕಿದರೆ ಅದೂ ಬೇಯುತ್ತದೆ.

ಬದಲಿಸಲು 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುವ ವಸ್ತು. ಹಾಕಿದ ಮೇಲೆ 135 ಓಮಿನ ಕ್ಯಾಥೋಡ್ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಅಳೆಯಿರಿ. 7.3ರ ಆಸುಪಾಸಿದ್ದರೆ ಹರಿಯುತ್ತಿರುವುದು ಸುಮಾರು 54 ಮಿಲಿ ಆಂಪಿಯರ್, ಆನೋಡಿನದ್ದೂ, ಈ ವಾಲ್ವಿನ ಇನ್ನೊಂದು ಗ್ರಿಡ್ಡಾದ ಸ್ಕ್ರೀನ್ ಗ್ರಿಡ್ಡಿನದ್ದೂ ಸೇರಿ. ಅಲ್ಲಿಗೆ ನಿಮ್ಮ ಹಳೆಯ ವಾಲ್ವು ಇನ್ನೂ ಗಟ್ಟಿಯಾಗಿದೆಯೆಂದೇ ಅರ್ಥ. ಮೀಟರ್ ಬಳಸಿ ರೂಢಿಯಿಲ್ಲದವರು ಈ ಕೆಲಸವನ್ನು ಬಲ್ಲವರ ಪಕ್ಕ ಕೂತು ಕಲಿಯಬೇಕು. ಅಳತೆ ಬಲ್ಲವರು ಊಹೆಯ ಮೇಲೆ ವಾಲ್ವನ್ನೂ ಎಸೆಯುವುದಿಲ್ಲ, ಊಹೆಯ ಮೇಲೆ ವೈರನ್ನೂ ಮುಟ್ಟುವುದಿಲ್ಲ.