ಅನ್ಯರಿಟ್ಟ ಹೆಸರು: ಕ್ರೈಸ್ತ ಪಂಥಗಳ ನಾಮಕರಣವನ್ನು ಕುರಿತು

ಮತಪಂಥಗಳ ಹೆಸರುಗಳು ಎಷ್ಟೋ ವೇಳೆ ಆಯಾ ಪಂಥದವರು ಇಟ್ಟುಕೊಂಡವಲ್ಲ, ಅನ್ಯರು ಇಟ್ಟವು. ಕ್ರೈಸ್ತ ಪಂಥಗಳು ಇಂಥ ಹೆಸರುಗಳನ್ನು ಸ್ವೀಕರಿಸಿದ ಬಗೆ ಒಂದೇ ತೆರನಾಗಿಲ್ಲ.

ಕೆಲವರು ಅಣಕದ ಹೆಸರನ್ನು ಒಪ್ಪಿಕೊಂಡರು. ದೇವರ ವಾಕ್ಯಕ್ಕೆ ನಡುಗಬೇಕೆಂದ ಜಾರ್ಜ್ ಫಾಕ್ಸ್‌ನನ್ನು ಕುರಿತು 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬ ಬಳಸಿದ 'ಕ್ವೇಕರ್' (ನಡುಗುವವ) ಎಂಬ ಮಾತು ಇಂದು ಆ ಪಂಥದವರಿಗೆ ಅವಮಾನವಲ್ಲ. ಆದರೂ ಅವರ ಅಧಿಕೃತ ನಾಮ 'ಮಿತ್ರರ ಧಾರ್ಮಿಕ ಸಮಾಜ'. ಇನ್ನು ಕೆಲವರು ಒಪ್ಪಿದ್ದನ್ನು ಕೈಬಿಟ್ಟರು. 'ಮಾರ್ಮನ್' ಎಂಬ ಹೆಸರನ್ನು ಪ್ರಚಾರಕ್ಕೂ ಬಳಸಿದ್ದ ಸಭೆಯು 2018ರಲ್ಲಿ ಯೇಸುಕ್ರಿಸ್ತನ ಹೆಸರುಳ್ಳ ತನ್ನ ಪೂರ್ಣನಾಮವನ್ನೇ ಬಳಸಬೇಕೆಂದು ಕೋರಿತು.

ಮೂರನೆಯ ಬಗೆಯಲ್ಲಿ ಹೆಸರೇ ಆರೋಪವಾಗಿದೆ. ಪರ್ಷಿಯಾದಲ್ಲಿ ಬೆಳೆದ ಪೂರ್ವದ ಸಭೆಯನ್ನು 'ನೆಸ್ತೋರಿಯನ್' ಎನ್ನುವುದು ರೂಢಿ. ನೆಸ್ತೋರಿಯಸ್ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷ. 431ರ ಎಫೆಸಸ್ ಮಹಾಸಭೆ ಅವನನ್ನು ಖಂಡಿಸಿತು. ಪೂರ್ವದ ಸಭೆ ಅವನನ್ನು ಗೌರವಿಸಿದರೂ ಅವನಿಂದ ಸ್ಥಾಪಿತವಾದುದಲ್ಲ. ಸಿರಿಯಾಕ್ ವಿದ್ವಾಂಸ ಸೆಬಾಸ್ಟಿಯನ್ ಬ್ರಾಕ್ 1996ರಲ್ಲಿ ಈ ಹೆಸರು ಸಲ್ಲದೆಂದು ವಾದಿಸಿದರು. 1994ರಲ್ಲಿಯೇ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ನಾಲ್ಕನೆಯ ಮಾರ್ ದಿನ್ಖಾ ಕ್ರಿಸ್ತನನ್ನು ಕುರಿತ ಸಮಾನ ಘೋಷಣೆಗೆ ಸಹಿ ಹಾಕಿದ್ದರು.

451ರ ಕಾಲ್ಸೆಡನ್ ಮಹಾಸಭೆಯನ್ನು ಒಪ್ಪದ ಕಾಪ್ಟಿಕ್, ಅರ್ಮೇನಿಯನ್, ಸಿರಿಯನ್ ಸಭೆಗಳಿಗೆ ಅಂಟಿದ 'ಮೊನೊಫಿಸೈಟ್' ಎಂಬ ಹೆಸರಿನದೂ ಇದೇ ಕಥೆ. ಕ್ರಿಸ್ತನ ಮಾನುಷತೆ ದೈವತ್ವದಲ್ಲಿ ಕರಗಿಹೋಯಿತೆಂಬ ಮತವನ್ನು ಈ ಸಭೆಗಳೂ ತಿರಸ್ಕರಿಸುತ್ತವೆ; ಎರಡೂ ಬೆರಕೆಯಾಗದೆ, ಬದಲಾಗದೆ ಒಂದುಗೂಡಿವೆ ಎಂಬುದು ಅವುಗಳ ನಿಲುವು. ಆದ್ದರಿಂದಲೇ ಅವು 'ಮಿಯಾಫಿಸೈಟ್' ಎಂಬ ಪದವನ್ನು ಬಯಸುತ್ತವೆ.

ಈ ಚರ್ಚೆ ಕನ್ನಡಕ್ಕೆ ದೂರದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಉಡುಪಿ ಜಿಲ್ಲೆಯ ಬ್ರಹ್ಮಾವರದ ಆರ್ಥೊಡಾಕ್ಸ್ ಸಿರಿಯನ್ ಸಮುದಾಯ ಇದೇ ಪರಂಪರೆಗೆ ಸೇರಿದೆ. 'ಮೊನೊಫಿಸೈಟ್' ಎಂಬುದನ್ನು 'ಏಕಸ್ವಭಾವವಾದಿ' ಎಂದು ಅನುವಾದಿಸಿ ಆ ಸಮುದಾಯಕ್ಕೆ ಅನ್ವಯಿಸಿದರೆ, ಪದದೊಡನೆ ಎದುರಾಳಿಯ ತೀರ್ಪೂ ಕನ್ನಡಕ್ಕೆ ಬರುತ್ತದೆ.

ಹಾಗೆಂದು ಸ್ವನಾಮಗಳು ತಟಸ್ಥವೂ ಅಲ್ಲ. 'ಆರ್ಥೊಡಾಕ್ಸ್' ಎಂದರೆ ಸರಿಯಾದ ನಂಬಿಕೆಯುಳ್ಳದ್ದು, 'ಕಥೋಲಿಕ' ಎಂದರೆ ಸಾರ್ವತ್ರಿಕವಾದದ್ದು; ಎರಡರಲ್ಲಿಯೂ ಹಕ್ಕುಸಾಧನೆಯಿದೆ. ಸಂಶೋಧಕನು ಸ್ವನಾಮವನ್ನು ಬಳಸುವುದು ಆ ಹಕ್ಕನ್ನು ಒಪ್ಪಿದಂತಲ್ಲ, ಸಮುದಾಯವನ್ನು ಗುರುತಿಸಿದಂತೆ ಮಾತ್ರ. ಹಳೆಯ ದಾಖಲೆಗಳ ಪರನಾಮಗಳನ್ನು ತಿದ್ದಬೇಕಾಗಿಲ್ಲ. ಯಾರು, ಯಾರನ್ನು, ಯಾವಾಗ ಹಾಗೆ ಕರೆದರೆಂಬುದನ್ನು ಜೊತೆಗೆ ಹೇಳಬೇಕು. ಆಗ ಹೆಸರು ತೀರ್ಪಾಗಿ ಉಳಿಯದೆ ಚರಿತ್ರೆಯ ಆಕರವಾಗುತ್ತದೆ.